ಹಿತ್ತಲಿಗೆ ಬಿಟ್ಟರೆ ಕಲ್ಲಾಗಿ ಕೂರುವ ಮೊಲ, ಏನು ಮಾಡಲಿ?

ಹಿತ್ತಲಮನೆ · ಶನಿವಾರ ಬೆಳಿಗ್ಗೆ 10:40

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಎರಡು ಮೊಲಗಳಿವೆ, ಹತ್ತಿ ಮತ್ತು ಬೆಲ್ಲ. ಹತ್ತಿ ಹೆಣ್ಣು. ಅಪ್ಪಟ ಬಿಳಿ, ಕೆಂಪು ಕಣ್ಣು. ಬೆಲ್ಲ ಗಂಡು, ಕಂದು ಬಣ್ಣ. ಇಬ್ಬರಿಗೂ ಹತ್ತಿರ ಹತ್ತಿರ ಎರಡು ವರ್ಷ. ಮರಿಯಾಗದ ಹಾಗೆ ಆಪರೇಷನ್ ಆಗಿದೆ, ಜಗಳ ಇಲ್ಲ, ಒಬ್ಬರ ಮೈಗೆ ಒಬ್ಬರು ಒರಗಿ ಮಲಗುತ್ತಾರೆ.

ನಮ್ಮದು ಬೆಂಗಳೂರಿನಲ್ಲಿ ನೆಲಮಹಡಿ ಮನೆ. ಹಿಂದೆ ಹದಿನೈದು ಅಡಿ ಉದ್ದ, ಎಂಟು ಅಡಿ ಅಗಲದ ಹಿತ್ತಲು. ಒಂದು ಮೂಲೆಯಲ್ಲಿ ಒಗೆಯುವ ಕಲ್ಲು, ಇನ್ನೊಂದು ಕಡೆ ತುಳಸಿ ಕಟ್ಟೆ, ನಡುವೆ ಒಂದಿಷ್ಟು ಗರಿಕೆ. ಕಾಂಪೌಂಡ್ ಎತ್ತರವಿದೆ. ದಿನಾ ಹನ್ನೊಂದು ಗಂಟೆಗೆ, ಮನೆ ಕೆಲಸ ಮುಗಿದ ಮೇಲೆ, ಇಬ್ಬರನ್ನೂ ಎತ್ತಿಕೊಂಡು ಹೋಗಿ ಬಿಡುತ್ತೇನೆ.

ಬೆಲ್ಲ ಬಿಟ್ಟ ಕೂಡಲೇ ಓಡುತ್ತಾನೆ. ಗಾಳಿಯಲ್ಲೇ ಮೈ ತಿರುಚಿ ಹಾರುತ್ತಾನೆ. ಹತ್ತಿ ಮಾತ್ರ ಇಟ್ಟ ಜಾಗದಲ್ಲೇ ಕೂತುಬಿಡುತ್ತಾಳೆ. ಕಿವಿ ಬೆನ್ನಿಗೆ ಅಂಟಿರುತ್ತವೆ, ಕಣ್ಣು ಹೊರಗೆ ಬಂದ ಹಾಗೆ ಕಾಣುತ್ತವೆ. ಪಕ್ಕದ ಮನೆ ಕುಕ್ಕರ್ ಕೂಗಿದರೆ ಹಿಂಗಾಲಲ್ಲಿ ಧಬ್ ಅಂತ ನೆಲಕ್ಕೆ ಗುದ್ದಿ, ಒಗೆಯುವ ಕಲ್ಲಿನ ಸಂದಿಗೆ ನುಗ್ಗುತ್ತಾಳೆ. ಆಮೇಲೆ ಹೊರಗೆ ತೆಗೆಯಬೇಕಾದರೆ ನಲವತ್ತು ನಿಮಿಷ ಬೇಕು. ಮನೆಯೊಳಗೆ ಇವಳೇ ರಾಣಿ. ಸೋಫಾ ಮೇಲೆ ಹತ್ತಿ ನನ್ನ ಮಗನ ಹೋಂವರ್ಕ್ ಪುಸ್ತಕ ಕಡಿಯುತ್ತಾಳೆ.

ಇನ್ನೊಂದು ವಿಷಯ. ಹೊರಗೆ ಕೂತಾಗ ತಲೆಯನ್ನು ಎಡಕ್ಕೆ, ಬಲಕ್ಕೆ ನಿಧಾನವಾಗಿ ತೂಗುತ್ತಾಳೆ, ಹಾವಾಡಿಗನ ಮುಂದಿನ ಹಾವಿನ ಹಾಗೆ. ಇದೇನಾದರೂ ಕಾಯಿಲೆಯಾ? ಆರು ತಿಂಗಳಿಂದ ಹೀಗೇ ನಡೆಯುತ್ತಿದೆ. ಅಭ್ಯಾಸವಾದರೆ ಸರಿಹೋಗುತ್ತಾಳೆ ಅಂದುಕೊಂಡಿದ್ದೆ. ದಿನದಿಂದ ದಿನಕ್ಕೆ ಜಾಸ್ತಿಯೇ ಆಗುತ್ತಿದೆ.

ಪಾರ್ಕ್_ರೌಂಡ್ · ಶನಿವಾರ 11:15

ಹಾರ್ನೆಸ್ ಹಾಕಿ, ಅಂದರೆ ದಾರ ಕಟ್ಟೋಕೆ ಮೈಗೆ ಹಾಕುವ ಪಟ್ಟಿ. ನಾನು ಎರಡು ವರ್ಷದಿಂದ ನಮ್ಮ ಮೊಲವನ್ನು ಅಪಾರ್ಟ್‌ಮೆಂಟ್ ಪಾರ್ಕಿಗೆ ಹಾರ್ನೆಸ್‌ನಲ್ಲೇ ಕರೆದುಕೊಂಡು ಹೋಗುತ್ತೇನೆ. ದಾರ ಕೈಯಲ್ಲಿದ್ದರೆ ಸಂದಿಗೆ ನುಗ್ಗುವ ಪ್ರಶ್ನೆಯೇ ಇಲ್ಲ. ನಲವತ್ತು ನಿಮಿಷ ಉಳಿಯುತ್ತದೆ.

ಮೂರನೇ_ಮಹಡಿ · ಶನಿವಾರ 11:52

ನಾನು ಬೇರೆಯದೇ ಹೇಳುತ್ತೇನೆ, ಬೇಜಾರಾಗಬೇಡಿ. ಹೊರಗೆ ಬಿಡಲೇಬೇಡಿ.

ನಮ್ಮ ಹಳೆಯ ಮನೆಯಲ್ಲಿ ತಾರಸಿ ಇತ್ತು. ಸಂಜೆ ನಾಲ್ಕಕ್ಕೆ ಬಟ್ಟೆ ತೆಗೆಯುವಾಗ ನಮ್ಮ ಮೊಲವನ್ನೂ ಮೇಲೆ ಬಿಡುತ್ತಿದ್ದೆ. ಒಂದು ದಿನ ಹದ್ದು ಇಳಿಯಿತು. ನನ್ನಿಂದ ಎರಡು ಮಾರು ದೂರ, ಅಷ್ಟೇ. ರೆಕ್ಕೆಯ ಗಾಳಿ ನನ್ನ ಮುಖಕ್ಕೆ ಬಡಿಯಿತು. ಕೈಯಲ್ಲಿದ್ದ ಒದ್ದೆ ಟವೆಲ್ ಬೀಸಿದೆ, ಹದ್ದು ಹಾರಿಹೋಯಿತು. ಮೊಲಕ್ಕೆ ಒಂದು ಗೀರೂ ಆಗಿರಲಿಲ್ಲ. ಆದರೂ ರಾತ್ರಿ ಏನೂ ತಿನ್ನಲಿಲ್ಲ. ಬೆಳಿಗ್ಗೆ ಡಾಕ್ಟರ್ ಹತ್ತಿರ ಹೋದೆವು, ಮಧ್ಯಾಹ್ನದ ಹೊತ್ತಿಗೆ ಹೋಗಿಬಿಟ್ಟಿತು. ಗಾಯದಿಂದ ಅಲ್ಲ, ಬರೀ ಭಯದಿಂದ.

ಬೆಂಗಳೂರಿನ ಆಕಾಶದಲ್ಲಿ ಹದ್ದುಗಳಿಗೇನೂ ಕಮ್ಮಿಯಿಲ್ಲ. ಮೂರೂವರೆ ಮೊಳ ಎತ್ತರದ ಕಾಂಪೌಂಡ್ ಬೆಕ್ಕಿಗೆ ಒಂದು ಜಿಗಿತ. ಈಗಿನ ಮೊಲಕ್ಕೆ ಮನೆಯ ಹಾಲ್ ಇದೆ, ರಟ್ಟಿನ ಡಬ್ಬಗಳ ಸುರಂಗ ಇದೆ. ಅದು ಖುಷಿಯಾಗಿದೆ, ನಾನು ನೆಮ್ಮದಿಯಾಗಿದ್ದೇನೆ.

ಹಿತ್ತಲಮನೆ · ಶನಿವಾರ 12:20

ಅಯ್ಯೋ, ಓದಿ ಕೈ ನಡುಗಿತು. ಇಷ್ಟು ದಿನ ಮೇಲೆ ನೋಡಿಯೇ ಇರಲಿಲ್ಲ ನಾನು. ಆದರೆ ಬೆಲ್ಲನ ಓಟ ನೋಡಿದರೆ ಒಳಗೇ ಇಡೋಕೂ ಮನಸ್ಸಾಗುವುದಿಲ್ಲ.

ಮಲೆನಾಡ_ಮನೆ · ಶನಿವಾರ ಸಂಜೆ 6:05

ತಂಗಿ, ನಮ್ಮ ಮನೆಯಲ್ಲಿ ಇಪ್ಪತ್ತು ವರ್ಷದಿಂದ ಮೊಲಗಳಿವೆ. ಒಂದು ಪ್ರಶ್ನೆ ಕೇಳುತ್ತೇನೆ, ಮುಚ್ಚುಮರೆ ಇಲ್ಲದೆ ಹೇಳು. ಹೊರಗೆ ಬಿಟ್ಟ ಮೊದಲ ಐದು ನಿಮಿಷದ ವಿಷಯ ಬರೆದಿದ್ದೀಯ. ಕೊನೆಯ ಐದು ನಿಮಿಷ ಹೇಗಿರುತ್ತದೆ?

ಹಿತ್ತಲಮನೆ · ಶನಿವಾರ ರಾತ್ರಿ 9:30

ಬರೆಯೋಕೇ ನಾಚಿಕೆಯಾಗುತ್ತದೆ ಅಣ್ಣ. ನಮ್ಮೆಜಮಾನರು ಪೊರಕೆ ಹಿಡಿದು ಕಲ್ಲಿನ ಆ ಕಡೆ ನಿಲ್ಲುತ್ತಾರೆ. ಮಗ ಬೆಡ್‌ಶೀಟ್ ಹಿಡಿದು ಈ ಕಡೆ. ನಾನು ಮಧ್ಯದಲ್ಲಿ ಬಗ್ಗಿ ಕೈ ಹಾಕುತ್ತೇನೆ. ಸಿಕ್ಕ ಕೂಡಲೇ ಎತ್ತಿ, ಒದ್ದಾಡುತ್ತಿದ್ದರೂ ಗಟ್ಟಿಯಾಗಿ ಹಿಡಿದು, ಒಳಗೆ ಗೂಡಿಗೆ ಹಾಕಿ ಬಾಗಿಲು ಹಾಕುತ್ತೇವೆ. ಮಗನಿಗೆ ಅದೊಂದು ಆಟ. ಕಬಡ್ಡಿ ಅಂತಾನೆ.

ಮಲೆನಾಡ_ಮನೆ · ಭಾನುವಾರ ಬೆಳಿಗ್ಗೆ 7:10

ಅಲ್ಲೇ ಇದೆ ನೋಡು. ಹತ್ತಿಗೆ ಹಿತ್ತಲಿನ ಭಯ ಇಲ್ಲ. ಹಿತ್ತಲಿನ ಕೊನೆಯಲ್ಲಿ ನಡೆಯುವ ಬೇಟೆಯ ಭಯ.

ಅವಳ ಲೆಕ್ಕದಲ್ಲಿ ಯೋಚಿಸು. ದಿನಾ ಹನ್ನೊಂದಕ್ಕೆ ಯಾರೋ ಮೇಲಿನಿಂದ ಕೈ ಹಾಕಿ ಎತ್ತುತ್ತಾರೆ. ಬಯಲಲ್ಲಿ ಇಡುತ್ತಾರೆ. ಸ್ವಲ್ಪ ಹೊತ್ತಿಗೆ ಮೂರು ಜನ ಸುತ್ತುವರಿಯುತ್ತಾರೆ, ಮೂಲೆಗೆ ಒತ್ತುತ್ತಾರೆ, ಹಿಡಿಯುತ್ತಾರೆ. ಆರು ತಿಂಗಳಲ್ಲಿ ನೂರೈವತ್ತು ಸಲವಾದರೂ ಅವಳು ಸಿಕ್ಕಿಬಿದ್ದಿದ್ದಾಳೆ. ನೀನು ಇಟ್ಟ ಕೂಡಲೇ ಅವಳು ಹುಲ್ಲು ನೋಡುವುದಿಲ್ಲ, ಒಗೆಯುವ ಕಲ್ಲು ಎಷ್ಟು ದೂರ ಇದೆ ಅಂತ ನೋಡುತ್ತಾಳೆ. ಬೆಲ್ಲ ಗಟ್ಟಿ ಗುಂಡಿಗೆಯವನು, ಮರೆಯುತ್ತಾನೆ. ಇವಳು ಮರೆಯುವುದಿಲ್ಲ.

ನಮ್ಮಲ್ಲೂ ಹೀಗೇ ಒಂದು ಬೂದು ಮೊಲ ಇತ್ತು. ಅಡಿಕೆ ಚಪ್ಪರದ ಕೆಳಗೆ ಬಿಟ್ಟರೆ ಕತ್ತಲಾದರೂ ಕೈಗೆ ಸಿಗುತ್ತಿರಲಿಲ್ಲ. ಅದನ್ನು ದಾರಿಗೆ ತಂದದ್ದು ನಮ್ಮಮ್ಮ. ಕೋಳಿ ಕರೆಯೋ ಹಾಗೆ ಕರೆದರು, ಅಷ್ಟೇ. ಒಂದು ಹಳೆ ತಗಡಿನ ಡಬ್ಬಿಯಲ್ಲಿ ನಾಲ್ಕು ಪೆಲೆಟ್, ಅಂದರೆ ಮೊಲದ ತಿಂಡಿಯ ಕಾಳು, ಹಾಕಿ ಅಲ್ಲಾಡಿಸೋದು, ಕೂಡಲೇ ಒಂದು ಕಾಳು ಕೊಡೋದು. ಮೊದಲ ವಾರ ಒಳಗೆ ಮಾತ್ರ, ದಿನಕ್ಕೆ ಐದಾರು ಸಲ. ಸದ್ದು ಕೇಳಿಸಿದರೆ ತಿನ್ನೋಕೆ ಸಿಗುತ್ತದೆ ಅಂತ ಅದರ ತಲೆಗೆ ಹೋಗಬೇಕು. ಒಂದು ಸಲವೂ ಮೋಸ ಮಾಡಬಾರದು. ಡಬ್ಬಿ ಅಲ್ಲಾಡಿಸಿ ಹತ್ತಿರ ಬಂದಾಗ ಹಿಡಿದುಬಿಟ್ಟರೆ ಮುಗಿಯಿತು, ಮತ್ತೆ ಮೊದಲಿನಿಂದ ಶುರು.

ನೀನು ಮಾಡಬೇಕಾದದ್ದು ಇಷ್ಟು. ಒಂದು ವಾರ ಹೊರಗೆ ಒಯ್ಯಲೇಬೇಡ. ಡಬ್ಬಿಯ ಪಾಠ ಮಾತ್ರ ನಡೆಯಲಿ. ಎರಡನೇ ವಾರದಿಂದ ಎತ್ತಿಕೊಂಡು ಹೋಗುವುದು ಬಿಡು. ಹಿತ್ತಲ ಬಾಗಿಲು ತೆರೆದು, ಹೊಸ್ತಿಲ ಮೇಲೆ ಒಂದು ಗೋಣಿಚೀಲ ಹಾಸು. ನುಣುಪು ಟೈಲ್ಸ್ ಮೇಲೆ ಮೊಲಕ್ಕೆ ಕಾಲು ನಿಲ್ಲುವುದಿಲ್ಲ, ಅದರ ಅಂಗಾಲಲ್ಲಿ ನಾಯಿ ಬೆಕ್ಕಿನ ಹಾಗೆ ಮೆತ್ತೆ ಇಲ್ಲ, ಬರೀ ಕೂದಲು. ಬೇಕಿದ್ದರೆ ಬರಲಿ, ಬೇಡದಿದ್ದರೆ ಬಿಡಲಿ. ನೀನು ಹೊರಗೆ ನೆಲದ ಮೇಲೆ ಕೂತು ಸೊಪ್ಪು ಬಿಡಿಸು, ಅವಳ ಕಡೆ ನೋಡಬೇಡ. ಮೂತಿ ಹೊರಗೆ ಹಾಕಿ ಒಳಗೆ ಓಡಿದರೂ ಆ ದಿನಕ್ಕೆ ಅಷ್ಟೇ ಸಾಕು.

ಒಗೆಯುವ ಕಲ್ಲಿನ ಸಂದಿಗೆ ಇಟ್ಟಿಗೆ ಅಡ್ಡ ಇಡು. ಅದರ ಬದಲು ಅಡಗೋಕೆ ಬೇರೆ ಜಾಗ ಕೊಡು. ದೊಡ್ಡ ರಟ್ಟಿನ ಡಬ್ಬಕ್ಕೆ ಎರಡು ಬಾಗಿಲು ಕೊಯ್ದು ಇಟ್ಟರೆ ಸಾಕು. ಎರಡು ಬಾಗಿಲು ಮುಖ್ಯ. ಒಂದೇ ಇದ್ದರೆ ಅದು ಅಡಗುತಾಣ ಅಲ್ಲ, ಬೋನು.

ಪೊರಕೆ ಅಡುಗೆಮನೆಗೆ ಹೋಗಲಿ. ಮಗನಿಗೆ ಡಬ್ಬಿಯ ಕೆಲಸ ಕೊಡು, ಕಬಡ್ಡಿಗಿಂತ ಚೆನ್ನಾಗಿ ಮಾಡುತ್ತಾನೆ.

ನಾಲ್ಕನೇ_ವರ್ಷ · ಭಾನುವಾರ 8:45

ನಾನು ವೆಟರ್ನರಿ ಓದುತ್ತಿದ್ದೇನೆ. ಮೇಲಿನ ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ತಲೆ ತೂಗುವ ವಿಷಯಕ್ಕೆ ಮಾತ್ರ ಉತ್ತರ ಬಾಕಿ ಇದೆ, ಅದನ್ನು ಹೇಳುತ್ತೇನೆ.

ಅಕ್ಕ, ಕೆಂಪು ಕಣ್ಣಿನ ಬಿಳಿ ಮೊಲಗಳು ಆಲ್ಬಿನೊ. ಕಣ್ಣಿನಲ್ಲಿ ಬಣ್ಣದ ಅಂಶ ಇಲ್ಲ, ಅದಕ್ಕೇ ಒಳಗಿನ ರಕ್ತನಾಳ ಕೆಂಪಾಗಿ ಕಾಣುತ್ತದೆ. ಅವಕ್ಕೆ ದೃಷ್ಟಿ ಮಂದ. ಒಂದು ವಸ್ತು ಎಷ್ಟು ದೂರ ಇದೆ ಅಂತ ಅಂದಾಜು ಮಾಡಲು ತಲೆಯನ್ನು ಆಚೀಚೆ ತೂಗಿ ನೋಡುತ್ತವೆ. ಇದು ಕಾಯಿಲೆ ಅಲ್ಲ. ಕುತ್ತಿಗೆ ಒಂದೇ ಕಡೆಗೆ ವಾಲಿಕೊಂಡು ಹಾಗೇ ನಿಂತರೆ, ಅಥವಾ ಸುತ್ತು ಸುತ್ತು ತಿರುಗಿದರೆ, ಅದು ಬೇರೆ. ಕಿವಿಯ ಸೋಂಕಿರಬಹುದು, ಮೆದುಳಿನ ತೊಂದರೆ ಇರಬಹುದು. ಆಗ ಅವತ್ತೇ ಡಾಕ್ಟರಿಗೆ ತೋರಿಸಬೇಕು.

ಬಣ್ಣ ಇಲ್ಲದ ಕಣ್ಣಿಗೆ ಜಾಸ್ತಿ ಬೆಳಕು ತಡೆಯೋಕೆ ಆಗುವುದಿಲ್ಲ. ನೀವು ಬಿಡುತ್ತಿರುವುದು ಹನ್ನೊಂದು ಗಂಟೆಗೆ. ಕತ್ತಲೆ ಕೋಣೆಯಿಂದ ನಮ್ಮನ್ನು ಎತ್ತಿ ಬಿಳಿ ಗೋಡೆಯ ಮೇಲಿನ ಬಿಸಿಲಿಗೆ ನಿಲ್ಲಿಸಿದರೆ ಹೇಗಿರುತ್ತದೆ? ಅವಳಿಗೆ ದಿನಾ ಹಾಗೆ. ಬೆಲ್ಲನ ಕಣ್ಣು ಕಪ್ಪು, ಅವನಿಗೆ ಏನೂ ಅನ್ನಿಸುವುದಿಲ್ಲ. ಮೊಲಗಳು ಹೇಗಿದ್ದರೂ ಮುಂಜಾನೆ ಮತ್ತು ಮುಸ್ಸಂಜೆಯ ಪ್ರಾಣಿಗಳು. ನಡುಹಗಲು ಅವು ಮಲಗುವ ಹೊತ್ತು.

ಇನ್ನು ಎತ್ತುವ ವಿಷಯ. ಮೊಲದ ಕಣ್ಣು ತಲೆಯ ಎರಡು ಬದಿಗಿವೆ. ಹಿಂದೆ, ಮೇಲೆ ಎಲ್ಲ ಕಾಣುತ್ತದೆ. ಕಾಣದಿರುವುದು ಮೂಗಿನ ಮುಂದಿನ ಒಂದಿಷ್ಟು ಜಾಗ ಮತ್ತು ಗದ್ದದ ಕೆಳಗೆ. ನಾವು ಪ್ರೀತಿಯಿಂದ ಮೂತಿಗೆ ನೇರವಾಗಿ ಕೈ ಚಾಚುತ್ತೇವೆ. ಅದಕ್ಕೆ ಅಲ್ಲಿ ಕೈಯೇ ಕಾಣದು, ಇದ್ದಕ್ಕಿದ್ದಂತೆ ಏನೋ ತಾಗಿದ ಹಾಗೆ. ಮೇಲಿನಿಂದ ಕೈ ಹೋದರೆ ಅದು ಹದ್ದು. ಆದ್ದರಿಂದ ಕೂತು, ಪಕ್ಕದಿಂದ, ಮಾತಾಡಿಸುತ್ತಾ ಹೋಗಿ. ಮೊದಲು ಕೆನ್ನೆ, ಆಮೇಲೆ ಹಣೆ.

ಎತ್ತಲೇಬೇಕಾದರೆ ಒಂದು ಕೈ ಮುಂಗಾಲಿನ ಹಿಂದೆ ಎದೆಯ ಕೆಳಗೆ, ಇನ್ನೊಂದು ಕೈ ಪೃಷ್ಠದ ಕೆಳಗೆ. ಎತ್ತಿದ ಕೂಡಲೇ ಮೈಗೆ ಒತ್ತಿಕೊಳ್ಳಿ. ಮೂತಿ ನಿಮ್ಮ ಮೊಣಕೈ ಸಂದಿಗೆ ಹೋಗಲಿ, ಕಣ್ಣು ಮುಚ್ಚಿದ ಹಾಗಾಗಿ ಸುಮ್ಮನಾಗುತ್ತದೆ. ಇಳಿಸುವಾಗ ಹಿಂಭಾಗ ಮೊದಲು ನೆಲಕ್ಕೆ. ನಾಲ್ಕೂ ಪಾದ ಊರಿದ ಮೇಲೆ ಎರಡು ಉಸಿರು ಕಾದು ಕೈ ತೆಗೆಯಿರಿ. ಕೊನೆಯ ಒಂದಡಿಯಲ್ಲೇ ಅವು ಒದ್ದು ಹಾರುವುದು. ಮೊಲದ ಅಸ್ಥಿಪಂಜರ ಮೈತೂಕದ ನೂರಕ್ಕೆ 7-8 ಭಾಗ ಮಾತ್ರ, ಬೆಕ್ಕಿಗೆ 12-13 ಭಾಗ ಇರುತ್ತದೆ. ಮೂಳೆ ತೆಳು, ಹಿಂಗಾಲಿನ ಸ್ನಾಯು ಭಾರಿ. ಜೋರಾಗಿ ಒದ್ದರೆ ಸೊಂಟದ ಹತ್ತಿರ ತನ್ನ ಬೆನ್ನುಮೂಳೆಯನ್ನು ತಾನೇ ಮುರಿದುಕೊಳ್ಳಬಹುದು. ಕಿವಿ ಹಿಡಿದು ಎತ್ತುವುದಂತೂ ಬೇಡವೇ ಬೇಡ.

ಬೆನ್ನ ಮೇಲೆ ಮಲಗಿಸಿದರೆ ಮೊಲ ಹಾಯಾಗಿ ನಿದ್ದೆ ಹೋಗುತ್ತದೆ ಅಂತ ವಿಡಿಯೊಗಳು ಬರುತ್ತವಲ್ಲ, ನಂಬಬೇಡಿ. ಅದು ನಿದ್ದೆ ಅಲ್ಲ. ಹುಲಿ ಬಾಯಿಗೆ ಸಿಕ್ಕ ಮೇಲೆ ಸತ್ತ ಹಾಗೆ ಬೀಳುವುದು ಅದು.

ಪಾರ್ಕ್_ರೌಂಡ್ · ಭಾನುವಾರ 9:20

ಎಲ್ಲ ಸರಿ. ಆದರೆ ನನ್ನ ಹಾರ್ನೆಸ್ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಎರಡು ವರ್ಷದಲ್ಲಿ ನಮಗೆ ಒಂದೇ ಒಂದು ತೊಂದರೆ ಆಗಿಲ್ಲ.

ನಾಲ್ಕನೇ_ವರ್ಷ · ಭಾನುವಾರ 9:34

ನಿಮ್ಮದು ಧೈರ್ಯದ ಮೊಲ ಇರಬೇಕು. ಚಿಕ್ಕಂದಿನಿಂದ ಅಭ್ಯಾಸ ಮಾಡಿಸಿದ್ದೀರಿ ಅಂತಲೂ ಕಾಣುತ್ತದೆ. ಹೆದರುವ ಮೊಲಕ್ಕೆ ಹಾರ್ನೆಸ್ ಹಾಕಿದರೆ ಅದು ಗಾಬರಿಯಲ್ಲಿ ಪೂರ್ತಿ ವೇಗದಲ್ಲಿ ಓಡಿ, ದಾರ ಮುಗಿದ ಕಡೆ ಗಕ್ಕನೆ ನಿಲ್ಲುತ್ತದೆ. ಆ ಎಳೆತ ಬೀಳುವುದು ಅದೇ ಬೆನ್ನುಮೂಳೆಗೆ.

ಪಾರ್ಕ್_ರೌಂಡ್ · ಭಾನುವಾರ 9:41

ದಾರ ಉದ್ದ ಬಿಟ್ಟರಾಯಿತು.

ಮೂರನೇ_ಮಹಡಿ · ಭಾನುವಾರ 9:50

ಉದ್ದ ಬಿಟ್ಟರೆ ಗಿಡಕ್ಕೆ ಸುತ್ತಿಕೊಳ್ಳುತ್ತದೆ.

ಪಾರ್ಕ್_ರೌಂಡ್ · ಭಾನುವಾರ 9:58

ನಮ್ಮದು ಸುತ್ತಿಕೊಂಡಿಲ್ಲ.

ಮಲೆನಾಡ_ಮನೆ · ಭಾನುವಾರ 10:30

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನೋ ಗಾದೆ ಇಂಥ ಕಡೆ ಹುಟ್ಟಿದ್ದೇ ಇರಬೇಕು. 😄 ತಮಾಷೆಗೆ ಹೇಳಿದೆ, ಸಿಟ್ಟಾಗಬೇಡಿ. ನಿಮ್ಮ ಮೊಲ ಪಾರ್ಕಿನಲ್ಲಿ ಖುಷಿಯಾಗಿದ್ದರೆ ನಾವ್ಯಾರು ಬೇಡ ಅನ್ನೋಕೆ. ಆದರೆ ಪಾರ್ಕಿನಲ್ಲಿ ಬೀದಿನಾಯಿ ಬಂದರೆ ದಾರ ಹಿಡಿದ ಮೊಲಕ್ಕೆ ಓಡೋಕೂ ಆಗುವುದಿಲ್ಲ, ಅಡಗೋಕೂ ಆಗುವುದಿಲ್ಲ. ಅದೊಂದು ನೆನಪಿರಲಿ.

ಪಾರ್ಕ್_ರೌಂಡ್ · ಭಾನುವಾರ 10:44

ಸಿಟ್ಟೇನಿಲ್ಲ ಸರ್. ನಾಯಿಯ ಮಾತು ಒಪ್ಪಿದೆ. ನಮ್ಮಲ್ಲಿ ಗೇಟ್ ಇದೆ, ಆದರೂ ಒಂದು ಸಲ ಒಳಗೆ ಬಂದಿತ್ತು. ಅವತ್ತು ಎದೆಗೆ ಅವಚಿಕೊಂಡು ಓಡಿದ್ದೆ. ಈಗ ಯೋಚಿಸಿದರೆ ಅದೃಷ್ಟ ಅನ್ನಿಸುತ್ತದೆ.

ಬ್ರಮ್_ಕನ್ನಡತಿ · ಭಾನುವಾರ ಮಧ್ಯಾಹ್ನ 2:15

ನಾನು ಬರ್ಮಿಂಗ್‌ಹ್ಯಾಮ್‌ನಲ್ಲಿದ್ದೇನೆ, ಊರು ಹಾಸನ. ಇಲ್ಲಿ ಮೊಲ ಸಾಕುವವರು ತುಂಬಾ ಜನ. ಮೊದಲ ವರ್ಷ ನಾನೂ ಎತ್ತಿಕೊಂಡು ಹೋಗಿ ಹುಲ್ಲಿನ ಮೇಲೆ ಬಿಡುತ್ತಿದ್ದೆ. ಪಕ್ಕದ ಮನೆ ಅಜ್ಜಿ ನೋಡಿ ನೋಡಿ ಕೊನೆಗೆ ಬೇಲಿ ಹತ್ತಿರ ಕರೆದು ಹೇಳಿದರು, ಗೂಡಿಗೂ ಓಡಾಟದ ಜಾಗಕ್ಕೂ ಬಾಗಿಲು ಒಂದೇ ಇರಲಿ ಅಂತ. ಇಲ್ಲಿಯ ರ‍್ಯಾಬಿಟ್ ವೆಲ್‌ಫೇರ್ ಅಸೋಸಿಯೇಷನ್ ಹೇಳುವುದೂ ಅದನ್ನೇ. ಎರಡು ಮೊಲಕ್ಕೆ ಕಡಿಮೆ ಅಂದರೂ 3 ಮೀಟರ್ ಉದ್ದ, 2 ಮೀಟರ್ ಅಗಲ, 1 ಮೀಟರ್ ಎತ್ತರದ ಜಾಗ, ಹಗಲು ರಾತ್ರಿ ಅವು ತಾವಾಗಿ ಹೋಗಿ ಬರುವ ಹಾಗೆ. ನಾವು ಎತ್ತುವ ಮಾತೇ ಇಲ್ಲ.

ನಿಮ್ಮ ಹಿತ್ತಲು ಅದಕ್ಕಿಂತ ದೊಡ್ಡದಿದೆ. ಹಿತ್ತಲ ಬಾಗಿಲಿಗೆ ಅಂಟಿದ ಹಾಗೆ ಜಾಲರಿಯ ಒಂದು ಪಡಸಾಲೆ ಮಾಡಿಸಿ. ಮೇಲೂ ಜಾಲರಿ ಇರಲಿ. ನಮಗಿಲ್ಲಿ ನರಿಕಾಟ, ನಿಮಗೆ ಹದ್ದು ಮತ್ತು ಬೆಕ್ಕು. ಕೋಳಿ ಜಾಲರಿ ತೆಳು, ನಾಯಿ ಹಲ್ಲಿಗೆ ತಡೆಯುವುದಿಲ್ಲ. ವೆಲ್ಡ್ ಮಾಡಿದ ಗಟ್ಟಿ ಜಾಲರಿ ಹಾಕಿಸಿ. ಅಂಚನ್ನು ಒಂದಡಿ ಒಳಮುಖವಾಗಿ ಮಡಚಿ ಮಣ್ಣಿನ ಕೆಳಗೆ ಹೂಳಿ. ಇಲ್ಲದಿದ್ದರೆ ಬೆಲ್ಲ ಬಿಲ ತೋಡಿ ಪಕ್ಕದ ಮನೆಗೆ ಹೋಗುತ್ತಾನೆ.

ಗರಿಕೆ · ಭಾನುವಾರ 4:40

ಒಳ್ಳೆಯ ಚರ್ಚೆ. ಯಾರೂ ಗಿಡದ ಬಗ್ಗೆ ಹೇಳಲಿಲ್ಲ, ಅದಕ್ಕೆ ಬಂದೆ.

ಹಿತ್ತಲಲ್ಲಿ ಕಣಗಿಲೆ ಇದೆಯಾ ನೋಡಿ. ಪೂಜೆಗೆ ಅಂತ ಎಲ್ಲರ ಮನೆಯಲ್ಲೂ ಇರುತ್ತದೆ. ಎಲೆ, ಹೂವು, ಕಡ್ಡಿ ಎಲ್ಲ ವಿಷ. ಎಕ್ಕ, ಉಮ್ಮತ್ತಿ, ಲಂಟಾನ ಕೂಡ ಅಷ್ಟೇ. ಮಳೆಗಾಲದ ನಂತರ ಕಾಂಪೌಂಡ್ ಬುಡದಲ್ಲಿ ಕಾಂಗ್ರೆಸ್ ಗಿಡ ತಾನಾಗೇ ಹುಟ್ಟುತ್ತದೆ, ಕಿತ್ತು ಹಾಕಿ. ಗರಿಕೆ ಚಿನ್ನ. ಆದರೆ ಇಷ್ಟು ದಿನ ಒಣಹುಲ್ಲು ತಿಂದ ಹೊಟ್ಟೆಗೆ ಒಮ್ಮೆಲೇ ಹಸಿಹುಲ್ಲು ಜಾಸ್ತಿಯಾದರೆ ಭೇದಿ. ಸ್ವಲ್ಪ ಸ್ವಲ್ಪ ಹೆಚ್ಚಿಸಿ. ಪಾರ್ಕಿನಲ್ಲಿ ಮೆಷಿನ್‌ನಿಂದ ಕತ್ತರಿಸಿದ ಹುಲ್ಲಿನ ರಾಶಿ ಬಿಟ್ಟಿ ಸಿಗುತ್ತದೆ ಅಂತ ತರಬೇಡಿ, ಅದು ಬೇಗ ಹುಳಿ ಹಿಡಿಯುತ್ತದೆ. ಹೊಟ್ಟೆಯಲ್ಲಿ ಗಾಳಿ ತುಂಬಿದರೆ ಮೊಲಕ್ಕೆ ವಾಂತಿ ಮಾಡೋಕೂ ಬರುವುದಿಲ್ಲ.

ಹುಲ್ಲಿನಲ್ಲಿ ಓಡಾಡಿದರೆ ರಕ್ತ ಹೀರುವ ಉಣ್ಣೆ ಹುಳ ಹತ್ತಬಹುದು. ದಯವಿಟ್ಟು ನಾಯಿಗೆ ಹಾಕುವ ಉಣ್ಣೆ ಔಷಧಿ ಹಾಕಬೇಡಿ. ಫಿಪ್ರೊನಿಲ್ ಅಂತ ಬರೆದಿರುತ್ತದೆ, ಮೊಲಕ್ಕೆ ಅದು ಪ್ರಾಣಕ್ಕೇ ಕುತ್ತು. ನನ್ನ ಗೆಳತಿಯೊಬ್ಬಳಿಗೆ ಅಂಗಡಿಯವರೇ ಕೊಟ್ಟು ಕಳಿಸಿದ್ದರು, ಡಬ್ಬಿ ಓದಿದ್ದಕ್ಕೆ ಉಳಿಯಿತು.

ಬಿಸಿಲಿನ ಬಗ್ಗೆಯೂ ಒಂದು ಮಾತು. ಶಿವರಾತ್ರಿ ಕಳೆಯಿತು, ಚಳಿ ಶಿವ ಶಿವ ಅಂತ ಹೋಯಿತು. ಇನ್ನು ಬೆಂಗಳೂರಲ್ಲೂ 34-35 ಡಿಗ್ರಿ. ಮೊಲ ನಮ್ಮ ಹಾಗೆ ಬೆವರುವುದಿಲ್ಲ, ಮೈಯ ಸೆಕೆಯೆಲ್ಲ ಹೆಚ್ಚಾಗಿ ಕಿವಿಯಿಂದಲೇ ಹೋಗಬೇಕು. 28-30 ದಾಟಿದರೆ ಅದಕ್ಕೆ ಕಷ್ಟ. ಕಿವಿ ಕೆಂಪಾಗಿ ಸುಡುತ್ತಿದ್ದರೆ, ಬಾಯಿ ತೆರೆದು ಉಸಿರಾಡಿದರೆ ತಣ್ಣೀರಲ್ಲಿ ಅದ್ದಿದ ಬಟ್ಟೆಯಿಂದ ಕಿವಿ ಒರೆಸುತ್ತಾ ಡಾಕ್ಟರ್ ಹತ್ತಿರ ಓಡಿ. ಐಸ್ ನೀರು ಬೇಡ. ಬಕೆಟ್‌ನಲ್ಲಿ ಮುಳುಗಿಸುವುದಂತೂ ಬೇಡ.

ಕೋಟೆ_ಊರು · ಸೋಮವಾರ 8:05

ನಾನು ಚಿತ್ರದುರ್ಗದ ಕಡೆಯವನು. ಶೇಂಗಾ ಹೊಲದಲ್ಲಿ ಒಂದು ಮರಿ ಮೊಲ ಸಿಕ್ಕಿದೆ. ತಾಯಿ ಕಾಣಲಿಲ್ಲ. ಕಂದು ಬಣ್ಣ, ಕಣ್ಣು ಬಿಟ್ಟಿದೆ. ಇದನ್ನೂ ಹೀಗೆ ಸಾಕಬಹುದಾ?

ನಾಲ್ಕನೇ_ವರ್ಷ · ಸೋಮವಾರ 8:20

ಬೇಡ ಅಣ್ಣ, ದಯವಿಟ್ಟು ಈಗಲೇ ಸಿಕ್ಕಿದ ಜಾಗದಲ್ಲೇ ಬಿಡಿ. ಅದು ಕಾಡುಮೊಲ, ನಾವು ಸಾಕುವ ಮೊಲದ ಜಾತಿಯೇ ಬೇರೆ. ಸಾಕುಮೊಲದ ಮೂಲ ಯುರೋಪು. ಅದು ಬಿಲ ತೋಡುತ್ತದೆ, ಮರಿ ಕಣ್ಣು ಮುಚ್ಚಿಕೊಂಡು ಬೆತ್ತಲೆ ಹುಟ್ಟುತ್ತದೆ. ಕಾಡುಮೊಲದ ಮರಿ ಕೂದಲಿನ ಜೊತೆ, ಕಣ್ಣು ಬಿಟ್ಟುಕೊಂಡೇ ಹುಟ್ಟುತ್ತದೆ. ತಾಯಿ ಬಿಟ್ಟುಹೋಗಿಲ್ಲ. ಮರಿಯನ್ನು ಹುಲ್ಲಿನಲ್ಲಿ ಅಡಗಿಸಿ ದೂರ ಇರುತ್ತದೆ, ಕತ್ತಲಾದ ಮೇಲೆ ಬಂದು ಹಾಲು ಕೊಟ್ಟು ಹೋಗುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಸಾಕುವುದು ಅಪರಾಧ ಕೂಡ.

ಕೋಟೆ_ಊರು · ಸೋಮವಾರ 9:40

ಬಿಟ್ಟು ಬಂದೆ. ಅದೇ ಸಾಲಿನಲ್ಲೇ. ಧನ್ಯವಾದ.

ಹಿತ್ತಲಮನೆ · ಎರಡು ವಾರದ ನಂತರ, ಗುರುವಾರ ರಾತ್ರಿ 8:50

ಎಲ್ಲರಿಗೂ ಸುದ್ದಿ ಹೇಳಬೇಕು. ಅರ್ಧ ಒಳ್ಳೆಯದು, ಅರ್ಧ ಗಾಬರಿ.

ಮೊದಲ ವಾರ ಡಬ್ಬಿ ಪಾಠ ಮಾತ್ರ. ಮಗ ಹಳೆ ಬೋರ್ನ್‌ವಿಟಾ ಡಬ್ಬಿ ತಂದ. ಮೂರನೇ ದಿನಕ್ಕೇ ಸದ್ದು ಕೇಳಿ ಇಬ್ಬರೂ ಓಡಿ ಬರುತ್ತಿದ್ದರು. ಹೊತ್ತು ಬದಲಾಯಿಸಿದೆ, ಈಗ ಬೆಳಿಗ್ಗೆ ಆರೂವರೆ. ಹಿತ್ತಲ ಅರ್ಧಕ್ಕೆ ಹಸಿರು ಶೇಡ್ ನೆಟ್ ಕಟ್ಟಿಸಿದೆವು. ವೆಲ್ಡಿಂಗ್‌ನವರು ಜಾಲರಿಗೆ ಅಳತೆ ತೆಗೆದುಕೊಂಡು ಹೋಗಿದ್ದಾರೆ. ಬರುತ್ತೇನೆ ಬರುತ್ತೇನೆ ಅನ್ನುತ್ತಿದ್ದಾರೆ. ಅಲ್ಲಿಯವರೆಗೆ ಮೊಲ ಹೊರಗಿರುವಷ್ಟು ಹೊತ್ತೂ ನಾನು ಅಲ್ಲೇ ಕೂತಿರುತ್ತೇನೆ.

ಎರಡನೇ ವಾರ ಬಾಗಿಲು ತೆರೆದು ಗೋಣಿಚೀಲ ಹಾಸಿ ಸೊಪ್ಪು ಬಿಡಿಸುತ್ತಾ ಕೂತೆ. ಮೊದಲ ದಿನ ಹತ್ತಿ ಬರಲೇ ಇಲ್ಲ. ಎರಡನೇ ದಿನ ಹೊಸ್ತಿಲಿನ ಈ ಕಡೆ ಮೂಗು ಮಾತ್ರ ಬಂತು. ಮೂಗು ಎಷ್ಟು ಬೇಗ ಬೇಗ ಅಲ್ಲಾಡುತ್ತಿತ್ತು ಅಂದರೆ ಹೊಲಿಗೆ ಮೆಷಿನ್ ನೆನಪಾಯಿತು. ಮೂರನೇ ದಿನ ಮುಂಗಾಲು ಎರಡೂ ಗೋಣಿಯ ಮೇಲೆ, ಹಿಂಗಾಲು ಒಳಗೆ. ಮೈ ರಬ್ಬರ್ ಹಾಗೆ ಉದ್ದ. ಒಂದು ಎಸಳು ಕೊತ್ತಂಬರಿ ಕಿತ್ತುಕೊಂಡು ಒಳಗೆ ಓಡಿದಳು. ನನಗೆ ಅಷ್ಟಕ್ಕೇ ಹಬ್ಬ.

ನಾಲ್ಕನೇ ದಿನ ತಪ್ಪಾಯಿತು. ಗೋಣಿ ದಾಟಿ ರಟ್ಟಿನ ಡಬ್ಬದವರೆಗೆ ಬಂದಿದ್ದಳು. ಅಷ್ಟರಲ್ಲಿ ಹಿಂದಿನ ಬೀದಿಯಲ್ಲಿ ಯಾರದೋ ಗೃಹಪ್ರವೇಶ, ಪಟಾಕಿ ಸರ ಹಚ್ಚಿದರು. ನಾನು ಗಾಬರಿಯಲ್ಲಿ ಎದ್ದು ಅವಳನ್ನು ಎತ್ತಿಬಿಟ್ಟೆ. ಒದ್ದಳು. ನನ್ನ ಕೈ ಗೀರಿ ರಕ್ತ ಬಂತು. ಒಳಗೆ ಹೋದವಳು ಮಂಚದ ಕೆಳಗೆ ಸೇರಿದ್ದಾಳೆ. ಬೆಳಿಗ್ಗೆ ಏಳರಿಂದ ಈಗ ರಾತ್ರಿ ಒಂಬತ್ತಾಗುತ್ತಾ ಬಂತು, ಏನೂ ತಿಂದಿಲ್ಲ. ಹಿಕ್ಕೆ ಸಣ್ಣ ಸಣ್ಣದು ಎರಡು ಮೂರು, ಅಷ್ಟೇ. ನಾಳೆವರೆಗೆ ನೋಡಲಾ?

ನಾಲ್ಕನೇ_ವರ್ಷ · ಗುರುವಾರ ರಾತ್ರಿ 8:56

ನಾಳೆ ಬೇಡ ಅಕ್ಕ, ಈಗಲೇ ಹೊರಡಿ. ಮೊಲದ ಕರುಳು ನಿಲ್ಲಬಾರದು. 12 ಗಂಟೆ ತಿನ್ನದಿದ್ದರೆ, ಹಿಕ್ಕೆ ನಿಂತರೆ ಅದು ತುರ್ತು. ಭಯದಿಂದಲೇ ಕರುಳು ನಿಲ್ಲುತ್ತದೆ. ರಾತ್ರಿ ತೆರೆದಿರುವ, ಮೊಲ ನೋಡಿ ಅಭ್ಯಾಸ ಇರುವ ಡಾಕ್ಟರ್ ಹತ್ತಿರ ಫೋನ್ ಮಾಡಿ ಹೋಗಿ. ಬೆಲ್ಲನನ್ನೂ ಅದೇ ಬುಟ್ಟಿಯಲ್ಲಿ ಕರೆದುಕೊಂಡು ಹೋಗಿ, ಜೊತೆಗಾರ ಇದ್ದರೆ ಅವಳಿಗೆ ಧೈರ್ಯ. ಬುಟ್ಟಿಯ ಮೇಲೆ ಒಂದು ಬಟ್ಟೆ ಮುಚ್ಚಿ. ಮನೆಯಲ್ಲಿರುವ ಯಾವ ಆ್ಯಂಟಿಬಯೋಟಿಕ್ಕನ್ನೂ ಕೊಡಬೇಡಿ. ನಮಗೆ ಕೊಡುವ ಅಮಾಕ್ಸಿಸಿಲಿನ್ ಬಾಯಿಗೆ ಹಾಕಿದರೆ ಅವುಗಳ ಕರುಳು ಕೆಟ್ಟೇ ಹೋಗುತ್ತದೆ.

ಮೂರನೇ_ಮಹಡಿ · ಗುರುವಾರ ರಾತ್ರಿ 9:02

ಹೊರಡಿ ಹೊರಡಿ. ನಾನು ಅವತ್ತು ಬೆಳಗಿನವರೆಗೆ ಕಾದಿದ್ದೇ ತಪ್ಪಾಗಿದ್ದು.

ಹಿತ್ತಲಮನೆ · ಶುಕ್ರವಾರ ಬೆಳಿಗ್ಗೆ 6:15

ಬದುಕಿದ್ದಾಳೆ. ರಾತ್ರಿ ಡ್ರಿಪ್ ಹಾಕಿದರು, ನೋವಿಗೆ ಇಂಜೆಕ್ಷನ್ ಕೊಟ್ಟರು, ಕರುಳು ಓಡಲು ಔಷಧಿ ಕೊಟ್ಟರು. ಸಿರಿಂಜಿನಲ್ಲಿ ಹಸಿರು ಗಂಜಿ ತಿನ್ನಿಸೋದು ತೋರಿಸಿಕೊಟ್ಟರು. ಬೆಳಗಿನ ನಾಲ್ಕೂವರೆಗೆ ಮಂಚದ ಕೆಳಗಿಂದ ಕರ್ ಕರ್ ಅಂತ ಸದ್ದು. ಬಗ್ಗಿ ನೋಡಿದರೆ ಒಣಹುಲ್ಲು ಜಗಿಯುತ್ತಿದ್ದಾಳೆ. ಯಜಮಾನರು ಟಾರ್ಚ್ ಹಿಡಿದು ಹಿಕ್ಕೆ ಎಣಿಸಿದರು. ಹನ್ನೊಂದು. ಮನೆಯಲ್ಲಿ ಹಿಕ್ಕೆ ಕಂಡು ಇಷ್ಟು ಸಂತೋಷಪಟ್ಟವರು ನಾವೇ ಇರಬೇಕು.

ಮಲೆನಾಡ_ಮನೆ · ಶುಕ್ರವಾರ 6:50

ಸದ್ಯ. ತಂಗಿ, ಒಂದು ಮಾತು, ಬೈಯುತ್ತಿದ್ದೇನೆ ಅಂದುಕೊಳ್ಳಬೇಡ. ಪಟಾಕಿ ನಿನ್ನ ತಪ್ಪಲ್ಲ. ಆದರೆ ಆಗ ಎತ್ತಬಾರದಿತ್ತು. ಬಾಗಿಲು ತೆರೆದಿತ್ತು, ಡಬ್ಬವೂ ಪಕ್ಕದಲ್ಲೇ ಇತ್ತು. ಅವಳೇ ಒಂದನ್ನು ಆರಿಸಿಕೊಳ್ಳುತ್ತಿದ್ದಳು. ಮೊಲ ಹೆದರಿದಾಗ ನಮಗೆ ಕೈ ತಡೆಯುವುದಿಲ್ಲ, ಮಗು ಅತ್ತ ಹಾಗೆ ಅನ್ನಿಸಿ ಎತ್ತಿಕೊಳ್ಳುತ್ತೇವೆ. ಮೊಲಕ್ಕೆ ಮಾತ್ರ ಹೆದರಿದ ಹೊತ್ತಲ್ಲೇ ಹಿಡಿದುಬಿಟ್ಟರು ಅಂತಾಗುತ್ತದೆ. ಮುಂದಿನ ಸಲ ಕೂತಲ್ಲೇ ಕೂತಿರು. ಬೇಕಿದ್ದರೆ ಏನಾದರೂ ಹಾಡಿಕೋ. ನೀನು ಓಡದಿದ್ದರೆ ಓಡುವಂಥದ್ದೇನೂ ಇಲ್ಲ ಅಂತ ಅವಳಿಗೂ ಅನ್ನಿಸುತ್ತದೆ. ಹದ್ದೋ ನಾಯಿಯೋ ನಿಜವಾಗಿ ಬಂದರೆ ಬೇರೆ ಮಾತು, ಆಗ ಎತ್ತು.

ಹತ್ತು ದಿನ ಸುಮ್ನೆ ಬಿಡು. ಆಮೇಲೆ ಗೋಣಿಚೀಲದಿಂದಲೇ ಶುರು ಮಾಡು.

ಹಿತ್ತಲಮನೆ · ಐದು ವಾರದ ನಂತರ, ಭಾನುವಾರ 7:40

ಜಾಲರಿ ಕೊನೆಗೂ ಬಂತು. ಹಿತ್ತಲ ಬಾಗಿಲಿಗೆ ಅಂಟಿಕೊಂಡೇ ಇದೆ, ಮೇಲೂ ಮುಚ್ಚಿದೆ. ಒಗೆಯುವ ಕಲ್ಲು ಈಗ ಹೊರಗೆ, ತುಳಸಿ ಕಟ್ಟೆಯೂ ಹೊರಗೆ. ತುಳಸಿಯನ್ನು ಬೆಲ್ಲ ಬುಡದವರೆಗೆ ತಿಂದ ಮೇಲೆ ನಮ್ಮತ್ತೆಯೇ ನಿಂತು ಅಳತೆ ಹಾಕಿಸಿದರು.

ಹತ್ತಿ ತಾನಾಗೇ ಹೊರಗೆ ಬರುತ್ತಾಳೆ. ದಿನಾ ಅಲ್ಲ. ಮೋಡ ಇದ್ದ ದಿನ ಜಾಸ್ತಿ ಹೊತ್ತು ಇರುತ್ತಾಳೆ. ಮೊದಲು ಡಬ್ಬದೊಳಗೆ ಹೋಗಿ ಎರಡನೇ ಬಾಗಿಲಿನಿಂದ ಇಣುಕಿ, ತಲೆ ತೂಗಿ ಲೆಕ್ಕ ಹಾಕಿ, ಆಮೇಲೆ ಹುಲ್ಲಿಗೆ. ಕುಕ್ಕರ್ ಕೂಗಿದರೆ ಈಗಲೂ ಧಬ್ ಅನ್ನಿಸುತ್ತಾಳೆ. ಆದರೆ ಗುದ್ದಿ ಅಲ್ಲೇ ನಿಂತು ನನ್ನ ಕಡೆ ನೋಡುತ್ತಾಳೆ. ನಾನು ಹುರುಳಿಕಾಯಿ ನಾರು ತೆಗೆಯುತ್ತಾ ಇರುತ್ತೇನೆ. ಸ್ವಲ್ಪ ಹೊತ್ತಿಗೆ ಅವಳೂ ಮತ್ತೆ ಹುಲ್ಲಿಗೆ ಬಾಯಿ ಹಾಕುತ್ತಾಳೆ. ಕಳೆದ ಮಂಗಳವಾರ ಮೊದಲ ಸಲ ಮೈ ತಿರುಚಿ ಹಾರಿದಳು. ಸಣ್ಣದೊಂದು, ಬೆಲ್ಲನ ಹಾಗೆ ಅಲ್ಲ. ಇಳಿದ ಮೇಲೆ ತನಗೇ ಆಶ್ಚರ್ಯವಾದ ಹಾಗೆ ಕೂತಳು.

ಡಬ್ಬಿ ಅಲ್ಲಾಡಿಸಿದರೆ ಹತ್ತಿ ಒಳಗೆ ಓಡಿ ಬಂದು ನಿಲ್ಲುತ್ತಾಳೆ. ಎರಡು ವಾರದಲ್ಲಿ ಒಂದು ದಿನವೂ ತಪ್ಪಿಲ್ಲ.

ಸಮಸ್ಯೆ ಈಗ ಬೆಲ್ಲನದು. ಡಬ್ಬಿಯ ಸದ್ದು ಅಂದರೆ ಆಟ ಮುಗಿಯಿತು ಅಂತ ಅವನಿಗೆ ಅರ್ಥವಾಗಿದೆ. ಸದ್ದು ಕೇಳಿದ ಕೂಡಲೇ ಜಾಲರಿಯ ಆ ತುದಿಗೆ ಹೋಗಿ ಬೆನ್ನು ತಿರುಗಿಸಿ ಕೂರುತ್ತಾನೆ. ನಿನ್ನೆ ಒಳಗೆ ಕರೆಯೋಕೆ ನಲವತ್ತು ನಿಮಿಷ ಆಯಿತು. ಏನು ಮಾಡಲಿ?

ಮಲೆನಾಡ_ಮನೆ · ಭಾನುವಾರ 8:20

ಆಟದ ಮಧ್ಯೆಯೂ ನಾಲ್ಕು ಸಲ ಡಬ್ಬಿ ಅಲ್ಲಾಡಿಸು. ಕಾಳು ಕೊಟ್ಟು, ಅಲ್ಲೇ ಬಿಟ್ಟುಬಿಡು. ಐದನೇ ಸಲ ಮಾತ್ರ ಬಾಗಿಲು ಹಾಕು. ಯಾವುದು ಐದನೆಯದು ಅಂತ ಅವನಿಗೆ ಗೊತ್ತಾಗಬಾರದು.

ಹಿತ್ತಲಮನೆ · ಭಾನುವಾರ 8:31

ಮಗ ಕೇಳುತ್ತಿದ್ದಾನೆ, ಬೆಲ್ಲ ಐದರವರೆಗೆ ಎಣಿಸೋಕೆ ಕಲಿತರೆ?

ಮಲೆನಾಡ_ಮನೆ · ಭಾನುವಾರ 8:33

ಆಗ ಅವನನ್ನೂ ಶಾಲೆಗೆ ಸೇರಿಸಿ.